ಕೆಂಪು ಕೊಕ್ಕಿನ ಹಕ್ಕಿ ಕಂಡರೆ: ಕರಾವಳಿಯ ಆಯ್ಸ್ಟರ್‌ಕ್ಯಾಚರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ನಿಂತು ಕಡಲು ತಿಳಿಯಾಗುತ್ತಿದ್ದ ಹಾಗೆ ನನಗೆ ಒಂದೊಂದೇ ಫೋಟೊ ಬರಲು ಶುರುವಾಗುತ್ತದೆ. ಹೆಚ್ಚಿನವು ದೂರದಿಂದ ಮೊಬೈಲಿನಲ್ಲಿ ತೆಗೆದವು. ಮರಳಿನ ಮೇಲೆ ಒಂದು ಕಪ್ಪು-ಬಿಳಿ ಚುಕ್ಕೆ, ಅದರ ಮುಂದೆ ಒಂದು ಕೆಂಪು ಗೆರೆ. "ಇದು ಯಾವ ಹಕ್ಕಿ?" ಅಂತ ಕೇಳುತ್ತಾರೆ. ಕೆಲವು ಸಲ ಅದು ನಿಜವಾಗಿಯೂ ನಮ್ಮ ಕರಾವಳಿಗೆ ಅಪರೂಪಕ್ಕೆ ಬರುವ ಯುರೇಷಿಯನ್ ಆಯ್ಸ್ಟರ್‌ಕ್ಯಾಚರ್ ಆಗಿರುತ್ತದೆ. ಆ ದಿನ ನನಗೆ ಹಬ್ಬ. ವರ್ಷಗಳಿಂದ ಕೇಳುತ್ತಾ ಬಂದ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ನಾನು ನೋಡಿದ್ದು ಅದೇ ಹಕ್ಕಿ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು ಕೊಕ್ಕು ನೋಡಿ. ಉದ್ದ, ನೇರ, ಗಟ್ಟಿ. ಬಣ್ಣ ಕಿತ್ತಳೆಗೆ ತಿರುಗಿದ ಕೆಂಪು. ಎಂಟೊಂಬತ್ತು ಸೆಂಟಿಮೀಟರ್ ಇರುವ ಆ ಕೊಕ್ಕು ಬಿಸಿಲಿಗೆ ದೂರದಿಂದಲೇ ಹೊಳೆಯುತ್ತದೆ. ತಲೆ, ಎದೆ, ಬೆನ್ನು ಕಪ್ಪು. ಹೊಟ್ಟೆ ಅಚ್ಚ ಬಿಳಿ. ಕಾಲು ಗುಲಾಬಿ, ಕಣ್ಣು ಕೆಂಪು. ಕೊಕ್ಕಿನಿಂದ ಬಾಲದ ತುದಿಯವರೆಗೆ 40ರಿಂದ 45 ಸೆಂ.ಮೀ. ಅಂದರೆ ಹೆಚ್ಚುಕಡಿಮೆ ನಮ್ಮ ಊರುಕಾಗೆಯಷ್ಟೇ ಉದ್ದ, ಆದರೆ ಮೈ ಅದಕ್ಕಿಂತ ದುಂಡು.

ಹಾರಿದಾಗ ಇನ್ನೂ ಸುಲಭ. ಕಪ್ಪು ರೆಕ್ಕೆಯ ಉದ್ದಕ್ಕೂ ಅಗಲವಾದ ಬಿಳಿ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಸೊಂಟದ ಮೇಲೆ ಬಿಳಿ ತ್ರಿಕೋನ ಕಾಣುತ್ತದೆ. ಜೊತೆಗೆ "ಕ್ಲೀಪ್, ಕ್ಲೀಪ್" ಎಂಬ ಚೂಪು ಕೂಗು. ಅಲೆಯ ಸದ್ದನ್ನೂ ಸೀಳಿಕೊಂಡು ಬರುತ್ತದೆ.

ನಮ್ಮ ಕಡೆ ಬರುವುದು ಚಳಿಗಾಲದ ಬಣ್ಣದಲ್ಲಿ. ಆಗ ಎಷ್ಟೋ ಹಕ್ಕಿಗಳ ಗಂಟಲಿನ ಕೆಳಗೆ ಒಂದು ಬಿಳಿ ಪಟ್ಟಿ ಇರುತ್ತದೆ. ಪುಸ್ತಕದ ಚಿತ್ರದಲ್ಲಿ ಅದಿಲ್ಲ ಅಂತ ಗಾಬರಿಯಾಗಬೇಡಿ. ಬೆನ್ನು ಕಪ್ಪಿನ ಬದಲು ಕಂದು ಅನ್ನಿಸಿದರೂ ತಪ್ಪಿಲ್ಲ. ಭಾರತಕ್ಕೆ ಬರುವ ಲಾಂಗಿಪೆಸ್ ಎಂಬ ಉಪಜಾತಿಯ ಬೆನ್ನೇ ಸ್ವಲ್ಪ ಕಂದು. ಎಳೆಯ ಹಕ್ಕಿಯಾದರೆ ಕೊಕ್ಕಿನ ತುದಿ ಮಸಿ ಬಳಿದ ಹಾಗೆ ಇರುತ್ತದೆ, ಕಾಲು ಬೂದು.

ಬೇರೆ ಯಾವ ಹಕ್ಕಿ ನೋಡಿ ಜನ ಮೋಸ ಹೋಗುತ್ತಾರೆ?

ಒಂದಲ್ಲ, ತುಂಬಾ ಇವೆ. ನನಗೆ ಬರುವ ಫೋಟೊಗಳಲ್ಲಿ ಜಾಸ್ತಿ ಇರುವುದು ಮೆಟ್ಟುಗಾಲು ಹಕ್ಕಿ. ಅದೂ ಕಪ್ಪು-ಬಿಳಿ, ಅದರ ಕಾಲೂ ಗುಲಾಬಿ. ಆದರೆ ಕಾಲು ಕೋಲಿನ ಹಾಗೆ ಉದ್ದ, ಕೊಕ್ಕು ಸೂಜಿಯ ಹಾಗೆ ತೆಳು, ಬಣ್ಣ ಕಪ್ಪು. ಟಿಟ್ಟಿಭವನ್ನು ಕಂಡು ಕಳಿಸುವವರೂ ಇದ್ದಾರೆ. ಅದರ ಕೊಕ್ಕೂ ಕೆಂಪು, ಆದರೆ ಗಿಡ್ಡ, ತುದಿ ಕಪ್ಪು. ಕಣ್ಣಿನ ಮುಂದೆ ಕೆಂಪು ಚರ್ಮ ಇದ್ದರೆ ಅದು ಟಿಟ್ಟಿಭವೇ.

ಕಲ್ಲುಬಂಡೆಯ ಮೇಲೆ ಓಡಾಡುವ ಸಣ್ಣ ಹಕ್ಕಿ, ಕಿತ್ತಳೆ ಕಾಲು, ಗಿಡ್ಡ ಕಪ್ಪು ಕೊಕ್ಕು ಇದ್ದರೆ ಅದು ಟರ್ನ್‌ಸ್ಟೋನ್. ಮರಳ ದಿಬ್ಬದ ಮೇಲೆ ದಪ್ಪ ಕೆಂಪು ಕೊಕ್ಕಿನ ದೊಡ್ಡ ಹಕ್ಕಿ ಕೂತಿದ್ದು, ಬೆನ್ನು ಬೂದು, ನೆತ್ತಿ ಮಾತ್ರ ಕಪ್ಪಾಗಿದ್ದರೆ ಅದು ಕ್ಯಾಸ್ಪಿಯನ್ ಟರ್ನ್. ಕೊಕ್ಕು ಕಪ್ಪಾಗಿ, ತುದಿ ಮೇಲಕ್ಕೆ ಬಾಗಿದ್ದರೆ ಅದು ಅವೊಸೆಟ್.

ಎರಡು ಹಕ್ಕಿಗಳ ವಿಷಯ ಬೇರೆ. ಒಂದು, ಕ್ರ್ಯಾಬ್ ಪ್ಲೋವರ್. ಮೈಯೆಲ್ಲ ಬಿಳಿ, ಬೆನ್ನಿನ ಮೇಲೆ ಕಪ್ಪು, ಕೊಕ್ಕು ದಪ್ಪ ಮತ್ತು ಕಪ್ಪು. ಅರಬ್ ದೇಶಗಳ ಕಡಲತೀರದಲ್ಲಿ ಮರಳಿನೊಳಗೆ ಬಿಲ ತೋಡಿ ಮೊಟ್ಟೆ ಇಡುವ ವಿಚಿತ್ರ ಹಕ್ಕಿ ಅದು. ಇನ್ನೊಂದು, ಇಂಡಿಯನ್ ಸ್ಕಿಮ್ಮರ್. ಮೇಲೆ ಕಪ್ಪು, ಕೆಳಗೆ ಬಿಳಿ, ಕಿತ್ತಳೆ ಕೊಕ್ಕು, ಆದರೆ ಕೆಳಗಿನ ಕೊಕ್ಕು ಮೇಲಿನದಕ್ಕಿಂತ ಉದ್ದ. ಇವೆರಡೂ ನಮ್ಮ ಕರಾವಳಿಯಲ್ಲಿ ಅಪರೂಪವೇ. "ಅಯ್ಯೋ, ಆಯ್ಸ್ಟರ್‌ಕ್ಯಾಚರ್ ಅಲ್ಲವಾ" ಅಂತ ಫೋಟೊ ಅಳಿಸಬೇಡಿ. ತಕ್ಷಣ ದಾಖಲಿಸಿ.

ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲವಾ?

ನಾನು ಇಂಗ್ಲಿಷ್ ಹೆಸರನ್ನೇ ಕನ್ನಡದಲ್ಲಿ ಬರೆಯುತ್ತೇನೆ. ಹುಡುಕುವವರಿಗೆ, ಆ್ಯಪ್‌ನಲ್ಲಿ ದಾಖಲಿಸುವವರಿಗೆ ಅದು ಸುಲಭ. ನಿಮ್ಮ ಊರಿನ ಮೀನುಗಾರರ ಬಾಯಲ್ಲಿ ಇದಕ್ಕೊಂದು ಹೆಸರಿದ್ದರೆ ದಯವಿಟ್ಟು ಬರೆದಿಟ್ಟುಕೊಳ್ಳಿ, ನನಗೂ ಹೇಳಿ. ವಿಜ್ಞಾನದ ಹೆಸರು ಹೆಮಟೋಪಸ್ ಆಸ್ಟ್ರಲೇಗಸ್. ಮೊದಲ ಪದಕ್ಕೆ ರಕ್ತದ ಬಣ್ಣದ ಕಾಲು, ಎರಡನೆಯದಕ್ಕೆ ಆಯ್ಸ್ಟರ್ (ಚಿಪ್ಪಿನ ಜೀವಿ, ನಮ್ಮ ಕಲ್ವ) ಹೆಕ್ಕುವುದು ಅಂತ ಅರ್ಥ.

ಹಾಗಾದರೆ ಇದು ಆಯ್ಸ್ಟರ್ ತಿನ್ನುತ್ತದೆಯಾ?

ಬಹಳ ಕಮ್ಮಿ. ಬಂಡೆಗೆ ಅಂಟಿಕೊಂಡ ಕಲ್ವಕ್ಕಿಂತ ಇದಕ್ಕೆ ಬೇಕಾದ್ದು ಮರಳು, ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿಗಳು. ಕುಮಟಾ ಕಡೆ ಬೆಳಚು ಅನ್ನುತ್ತೇವಲ್ಲ, ಕುಂದಾಪುರದವರು ಮಳಿ, ತುಳುವರು ಮರುವಾಯಿ ಅನ್ನುತ್ತಾರಲ್ಲ, ಅಂಥವು. ಜೊತೆಗೆ ಕೆಸರಿನ ಹುಳು, ಸಣ್ಣ ಏಡಿ.

ತಿನ್ನುವ ರೀತಿ ನೋಡಬೇಕು. ಚಿಪ್ಪು ಸ್ವಲ್ಪ ಬಾಯಿ ಬಿಟ್ಟಿದ್ದರೆ ಕೊಕ್ಕನ್ನು ಒಳಗೆ ತೂರಿಸಿ, ಎರಡು ಚಿಪ್ಪನ್ನು ಬಿಗಿಹಿಡಿದಿರುವ ಸ್ನಾಯುವನ್ನೇ ಕತ್ತರಿಸಿಬಿಡುತ್ತದೆ. ಆಮೇಲೆ ಚಿಪ್ಪು ತಾನಾಗಿ ತೆರೆದುಕೊಳ್ಳುತ್ತದೆ. ಕೆಲವು ಹಕ್ಕಿಗಳು ಹಾಗಲ್ಲ. ಚಿಪ್ಪನ್ನು ಗಟ್ಟಿ ನೆಲಕ್ಕೆ ತಂದು, ತೆಳುವಾಗಿರುವ ಕಡೆ ಹುಡುಕಿ, ಸುತ್ತಿಗೆಯ ಹಾಗೆ ಬಡಿದು ಒಡೆಯುತ್ತವೆ. ಬಡಿಯುವ ಹಕ್ಕಿಯ ಕೊಕ್ಕಿನ ತುದಿ ಮೊಂಡಾಗುತ್ತದೆ. ಹುಳು ತೆಗೆಯುವ ಹಕ್ಕಿಯದು ಚೂಪಾಗಿರುತ್ತದೆ. ಈ ಕೊಕ್ಕು ದಿನಕ್ಕೆ ಸುಮಾರು 0.4 ಮಿ.ಮೀ. ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಸವೆದರೂ ಚಿಂತೆಯಿಲ್ಲ, ಊಟ ಬದಲಾದರೆ ಕೆಲವೇ ವಾರಗಳಲ್ಲಿ ತುದಿಯ ಆಕಾರವೂ ಬದಲಾಗುತ್ತದೆ. ನಿಮ್ಮ ಬಳಿ ಹತ್ತಿರದ ಫೋಟೊ ಇದ್ದರೆ ಕೊಕ್ಕಿನ ತುದಿಯನ್ನು ದೊಡ್ಡದು ಮಾಡಿ ನೋಡಿ. ಆ ಹಕ್ಕಿ ನಮ್ಮ ದಂಡೆಯಲ್ಲಿ ಏನು ತಿನ್ನುತ್ತಿದೆ ಅಂತ ಅದರಲ್ಲೇ ಬರೆದಿರುತ್ತದೆ.

ಎಲ್ಲಿಂದ ಬರುತ್ತದೆ? ಇಲ್ಲಿ ಮರಿ ಮಾಡುತ್ತದೆಯಾ?

ಇಲ್ಲಿ ಮರಿ ಮಾಡುವುದಿಲ್ಲ. ಲಾಂಗಿಪೆಸ್ ಹಕ್ಕಿಗಳ ತವರು ರಷ್ಯಾದ ಒಳನಾಡು. ವೋಲ್ಗಾ, ಉರಲ್, ಪಶ್ಚಿಮ ಸೈಬೀರಿಯಾದ ನದಿಗಳ ದಂಡೆ. ಅಲ್ಲಿ ಹಿಮ ಬೀಳುವ ಮೊದಲೇ ಹೊರಟು ಪೂರ್ವ ಆಫ್ರಿಕಾ, ಅರಬ್ ದೇಶಗಳು, ಪಾಕಿಸ್ತಾನ ಮತ್ತು ಭಾರತದ ಕಡಲತೀರಕ್ಕೆ ಬರುತ್ತವೆ. ಪಶ್ಚಿಮ ಸೈಬೀರಿಯಾದಿಂದ ಕಾರವಾರಕ್ಕೆ ನೇರ ಗೆರೆ ಎಳೆದರೂ 4,000 ಕಿ.ಮೀ. ದಾಟುತ್ತದೆ.

ಯುರೋಪಿನ ಕಡಲತೀರಗಳಲ್ಲಿ ಇದೇ ಜಾತಿ ಬಹಳ ಸಾಮಾನ್ಯ. ಫೆರೋ ದ್ವೀಪಗಳಲ್ಲಿ ಇದು ರಾಷ್ಟ್ರಪಕ್ಷಿ. ಅಲ್ಲಿ ಇದರ ಹೆಸರು ಚಾಲ್ದುರ್. ಚಳಿಗಾಲ ಮುಗಿದು ಅದು ಊರಿಗೆ ವಾಪಸ್ ಬರುವುದನ್ನು ಪ್ರತಿ ವರ್ಷ ಮಾರ್ಚ್ 12ರಂದು ಹಬ್ಬದ ಹಾಗೆ ಆಚರಿಸುತ್ತಾರೆ. ನಮ್ಮಲ್ಲಿ ಅದೇ ಮಾರ್ಚ್‌ನಲ್ಲಿ ಬೀಳ್ಕೊಡುವ ಹೊತ್ತು.

ಇದರ ಗೂಡೆಂದರೆ ನೆಲದಲ್ಲಿ ಒಂದು ಸಣ್ಣ ಗುಂಡಿ, ಸಾಮಾನ್ಯವಾಗಿ ಮೂರು ಮೊಟ್ಟೆ. 1973ರಲ್ಲಿ ನೊಬೆಲ್ ಪಡೆದ ನಿಕೊ ಟಿನ್‌ಬರ್ಗನ್ ಈ ಹಕ್ಕಿಯ ಗೂಡಿನ ಹತ್ತಿರ ಬಣ್ಣ ಬಳಿದ ದೊಡ್ಡ ನಕಲಿ ಮೊಟ್ಟೆ ಇಟ್ಟು ನೋಡಿದ್ದರು. ಹಕ್ಕಿ ತನ್ನ ಮೊಟ್ಟೆ ಬಿಟ್ಟು, ಅದಕ್ಕಿಂತ ಎಷ್ಟೋ ದೊಡ್ಡದಾದ ಆ ನಕಲಿ ಮೊಟ್ಟೆಯ ಮೇಲೆ ಕೂರಲು ಪಾಡುಪಟ್ಟಿತು. ಹಕ್ಕಿಯ ನಡವಳಿಕೆ ಕಲಿಯುವವರೆಲ್ಲ ಇಂದಿಗೂ ಓದುವ ಪ್ರಯೋಗ ಅದು.

ಗುಜರಾತಿನಲ್ಲಿ ಗುಂಪುಗುಂಪಾಗಿ ಸಿಗುತ್ತವಂತೆ. ನಮ್ಮಲ್ಲಿ ಯಾಕೆ ಒಂದೋ ಎರಡೋ?

ನಿಜ. ಕಛ್ ಕೊಲ್ಲಿಯಲ್ಲಿ, ಜಾಮ್‌ನಗರದ ಸುತ್ತ ಇವು ಗುಂಪಾಗಿಯೇ ಸಿಗುತ್ತವೆ. ಮಹಾರಾಷ್ಟ್ರದ ಕೊಂಕಣದಲ್ಲೂ ಸಣ್ಣ ಗುಂಪು ಕಾಣುತ್ತದೆ. ಕೆಳಗೆ ಬಂದ ಹಾಗೆ ಕಮ್ಮಿ.

ದೂರ ಒಂದು ಕಾರಣ. ನನಗೆ ಅನ್ನಿಸುವ ದೊಡ್ಡ ಕಾರಣ ಭರತ-ಇಳಿತ. ಕಛ್ ಕೊಲ್ಲಿಯ ಒಳಭಾಗದಲ್ಲಿ ದೊಡ್ಡ ಭರತದ ದಿನ ನೀರು ಐದಾರು ಮೀಟರ್‌ಗಿಂತ ಜಾಸ್ತಿ ಏರಿ ಇಳಿಯುತ್ತದೆ. ಇಳಿದಾಗ ಕಣ್ಣು ಹಾಯಿಸಿದಷ್ಟು ದೂರ ಕೆಸರು ಬಯಲಾಗುತ್ತದೆ. ನಮ್ಮಲ್ಲಿ ಏರಿಳಿತ ಒಂದೂವರೆ, ಹೆಚ್ಚೆಂದರೆ ಎರಡು ಮೀಟರ್. ತೆರೆದ ಬೀಚಿನಲ್ಲಿ ಬಯಲಾಗುವುದು ಸಣ್ಣ ಪಟ್ಟಿ ಅಷ್ಟೇ. ಅದಕ್ಕೇ ನಾವು ಈ ಹಕ್ಕಿಯನ್ನು ಹುಡುಕಬೇಕಾದ್ದು ಬೀಚಿನಲ್ಲಲ್ಲ, ನದಿ ಕಡಲು ಸೇರುವ ಅಳಿವೆಯಲ್ಲಿ.

ಸರಿ, ಯಾವ ಅಳಿವೆಗೆ ಹೋಗಲಿ? ಯಾವಾಗ?

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ, ಕೋಡಿ ಬೆಂಗ್ರೆಯ ಸೀತಾ-ಸುವರ್ಣಾ, ಮೂಲ್ಕಿಯ ಶಾಂಭವಿ, ಮಂಗಳೂರಿನ ನೇತ್ರಾವತಿ-ಗುರುಪುರ. ನಿಮ್ಮ ಮನೆಗೆ ಯಾವುದು ಹತ್ತಿರವೋ ಅದಕ್ಕೇ ಹೋಗಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವರಿಗೇ ಅಪರೂಪದ ಹಕ್ಕಿ ಸಿಗುವುದು. ಒಂದೇ ದಿನ ಕಾರಿನಲ್ಲಿ ಐದು ಅಳಿವೆ ಸುತ್ತಿದರೆ ಹೆಚ್ಚು ಸಿಗುವುದು ಸುಸ್ತು.

ಅಘನಾಶಿನಿಯ ಬಗ್ಗೆ ಎರಡು ಮಾತು ಜಾಸ್ತಿ ಹೇಳಲೇಬೇಕು. ಅಣೆಕಟ್ಟಿಲ್ಲದೆ ಹರಿದು ಕಡಲು ಸೇರುವ ನದಿ ಅದು. ಘಟ್ಟದ ಮಣ್ಣು ಇನ್ನೂ ಅಳಿವೆಯವರೆಗೆ ಬಂದು ತಲುಪುತ್ತದೆ. ಹಾಗಾಗಿ ಅಲ್ಲಿ ಕಾಂಡ್ಲ ಕಾಡು ಇದೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಇದೆ, ಬೆಳಚು ಇದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. 4,801 ಹೆಕ್ಟೇರ್ ಜಾಗ. ಚಿಪ್ಪು ತಿನ್ನುವ ಹಕ್ಕಿಗೆ ಊಟ ಇರುವ ಇಂಥ ಜಾಗ ನಮ್ಮ ಕರಾವಳಿಯಲ್ಲಿ ಹೆಚ್ಚಿಲ್ಲ.

ತಿಂಗಳು ಅಂದರೆ ಅಕ್ಟೋಬರ್‌ನಿಂದ ಮಾರ್ಚ್. ಹೊತ್ತು ಅಂದರೆ ಗಡಿಯಾರ ಅಲ್ಲ, ಭರತದ ಪಟ್ಟಿ ನೋಡಿ. ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮೊದಲು ಹೋಗಿ ಕೂತುಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಇಳಿಯುವುದರಿಂದ ಕೆಸರೂ ಜಾಸ್ತಿ ಬಯಲಾಗುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಏಳಕ್ಕೆ ಕಂಡದ್ದು ನಾಳೆ ಏಳಕ್ಕೇ ಸಿಗುತ್ತದೆ ಅಂದುಕೊಳ್ಳಬೇಡಿ. ಭರತದ ಹೊತ್ತಿನಲ್ಲಿ ಹೋದರೆ ಅಳಿವೆಬಾಯಿಯ ಮರಳ ದಿಬ್ಬ ನೋಡಿ. ಗಲ್, ಟರ್ನ್ ಎಂಬ ಕಡಲ ಹಕ್ಕಿಗಳ ಗುಂಪಿನ ಅಂಚಿನಲ್ಲಿ ಒಂಟಿ ಕಾಲಲ್ಲಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿದ್ದೆ ಮಾಡುತ್ತಿರಬಹುದು. ಕೊಕ್ಕು ಕಾಣದ ಕಾರಣ ಎಷ್ಟೋ ಜನ ಅದನ್ನು ನೋಡಿಯೂ ನೋಡದೆ ಹೋಗುತ್ತಾರೆ.

ಬೆಳಿಗ್ಗೆ ಹೋದರೆ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ, ಕಡಲ ಕಡೆಯ ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಸಂಜೆ ಎಲ್ಲವೂ ಕಪ್ಪು ನೆರಳು.

ದುಡ್ಡು ಹಾಕಿ ದೊಡ್ಡ ಕ್ಯಾಮೆರಾ ತಗೋಬೇಕಾ?

ಬೇಡ. 8x42 ಬೈನಾಕ್ಯುಲರ್ ಒಂದು ಸಾಕು. ಅದರ ಕಣ್ಣಿಗೆ ಮೊಬೈಲ್ ಹಿಡಿದು ತೆಗೆದ ಮಸುಕು ಫೋಟೊದಲ್ಲೂ ಈ ಹಕ್ಕಿಯನ್ನು ಗುರುತಿಸಬಹುದು. ಕೊಕ್ಕಿನ ಬಣ್ಣ ಅಷ್ಟು ಚೆನ್ನಾಗಿದೆ.

ಎಷ್ಟು ಹತ್ತಿರ ಹೋಗಬಹುದು?

ಇದು ನನಗೆ ಬಹಳ ಮುಖ್ಯವಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಮೊದಲ ಸಲ ಈ ಹಕ್ಕಿ ಕಂಡದ್ದು ನಮ್ಮೂರ ಅಳಿವೆಯಲ್ಲಿ. ಖುಷಿ ತಡೆಯಲಾಗದೆ ನೇರ ಅದರ ಕಡೆ ನಡೆದೆ. ಅದು ತಿನ್ನುವುದು ಬಿಟ್ಟು ತಲೆ ಎತ್ತಿತು. ನಾನು ನಿಲ್ಲಲಿಲ್ಲ. ಒಂದು ಸಲ ಕೂಗಿ ಹಾರಿತು, ಅಳಿವೆ ದಾಟಿ ಹೋಗಿಬಿಟ್ಟಿತು. ಅಲ್ಲೇ ಮೊಣಕಾಲುದ್ದ ನೀರಲ್ಲಿ ಬೆಳಚು ತೆಗೆಯುತ್ತಿದ್ದ ಒಬ್ಬ ಅಕ್ಕ ನನ್ನನ್ನೇ ನೋಡುತ್ತಿದ್ದರು. "ಅದು ದಿನಾ ಬತ್ತದೆ ತಮಾ. ನಮ್ಮ ಹಾಂಗೇ ಬೆಳಚು ತಿಂತದೆ. ನಾವು ನಮ್ಮಷ್ಟಕ್ಕೆ ಇದ್ರೆ ಅದೂ ಅದರಷ್ಟಕ್ಕೆ ಇರ್ತದೆ" ಅಂದರು. ನಾನು ಅಪರೂಪ ಅಂದುಕೊಂಡ ಹಕ್ಕಿಯನ್ನು ಅವರು ಅಷ್ಟು ದಿನದಿಂದ ಪಕ್ಕದಲ್ಲೇ ನೋಡುತ್ತಿದ್ದರು. ಅವತ್ತಿನಿಂದ ಯಾವ ಅಳಿವೆಗೆ ಹೋದರೂ ಮೊದಲು ಬೆಳಚು ತೆಗೆಯುವವರನ್ನು, ಬಲೆ ಬೀಸುವವರನ್ನು ಮಾತಾಡಿಸುತ್ತೇನೆ. ಅವರಿಗೆ ಗೊತ್ತಿರುವಷ್ಟು ನಮಗೆ ಬೈನಾಕ್ಯುಲರ್‌ನಲ್ಲಿ ಕಾಣುವುದಿಲ್ಲ.

ಹಕ್ಕಿಗೆ ಊಟದ ಹೊತ್ತು ಇಳಿತದ ನಾಲ್ಕಾರು ಗಂಟೆ ಮಾತ್ರ. ನೀರು ಏರಿದರೆ ಮುಗಿಯಿತು. ಪ್ರತಿ ಸಲ ಹಾರಿಸಿದಾಗ ಆ ಹೊತ್ತಿನಲ್ಲಿ ಒಂದಿಷ್ಟು ಹೋಗುತ್ತದೆ, ತಿಂದ ಶಕ್ತಿಯೂ ಹೋಗುತ್ತದೆ. ಮಾರ್ಚ್ ಹತ್ತಿರ ಬಂದಾಗ ಅದು ಸಾವಿರಾರು ಕಿಲೋಮೀಟರ್ ಹಾರಲು ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತದೆ. ಆಗ ಕಾಡಿಸುವುದು ಇನ್ನೂ ತಪ್ಪು.

ಮೀಟರ್ ಲೆಕ್ಕ ಹೇಳುವುದಿಲ್ಲ, ಹಕ್ಕಿಯೇ ಹೇಳುತ್ತದೆ. ತಿನ್ನುವುದು ನಿಲ್ಲಿಸಿ ತಲೆ ಎತ್ತಿತಾ? ನಿಂತುಬಿಡಿ. ನಡೆದು ದೂರ ಸರಿಯಿತಾ? ಹಿಂದೆ ಬನ್ನಿ. ಸುಮ್ನೆ ಒಂದು ಕಡೆ ಕೂತರೆ ಎಷ್ಟೋ ಸಲ ಅದೇ ತಿನ್ನುತ್ತಾ ತಿನ್ನುತ್ತಾ ನಿಮ್ಮ ಹತ್ತಿರ ಬರುತ್ತದೆ. ಡ್ರೋನ್ ಹಾರಿಸಬೇಡಿ. ಸ್ಪೀಕರಿನಲ್ಲಿ ಕೂಗು ಹಾಕಬೇಡಿ. ನಾಯಿ ಕರೆದುಕೊಂಡು ಹೋಗಿದ್ದರೆ ಹಗ್ಗ ಬಿಚ್ಚಬೇಡಿ. ಮರಳಿನ ಮೇಲೆ ಜೀಪು, ಬೈಕು ಓಡಿಸುವವರಿಗೆ ಕೈಮುಗಿದು ಹೇಳುವುದೂ ಇದೇ: ದಿಬ್ಬದ ಮೇಲೆ ಮಲಗಿರುವುದು ಊರು ಬಿಟ್ಟು ಬಂದ ಜೀವಗಳು.

ಬೆಳಚು ತೆಗೆಯುವವರಿಗೂ ಈ ಹಕ್ಕಿಗೂ ಪೈಪೋಟಿ ಇಲ್ಲವಾ?

ನಮ್ಮಲ್ಲಿ ಒಂದೆರಡು ಹಕ್ಕಿ, ಪೈಪೋಟಿಯ ಮಾತೇ ಇಲ್ಲ. ಆದರೆ ಈ ಪ್ರಶ್ನೆ ಯುರೋಪಿನಲ್ಲಿ ದೊಡ್ಡ ಜಗಳವೇ ಆಗಿತ್ತು. ವೇಲ್ಸ್‌ನ ಬರ್ರಿ ಅಳಿವೆಯಲ್ಲಿ ಚಿಪ್ಪು ಕಮ್ಮಿಯಾದಾಗ ಹಕ್ಕಿಯೇ ಕಾರಣ ಅಂತ 1970ರ ದಶಕದಲ್ಲಿ ಸಾವಿರಾರು ಆಯ್ಸ್ಟರ್‌ಕ್ಯಾಚರ್‌ಗಳನ್ನು ಸರ್ಕಾರದ ಒಪ್ಪಿಗೆಯಿಂದಲೇ ಗುಂಡಿಟ್ಟು ಕೊಂದರು. ಚಿಪ್ಪು ಅದರಿಂದ ಹೆಚ್ಚಲಿಲ್ಲ. ನೆದರ್ಲೆಂಡ್ಸ್‌ನ ವಾಡನ್ ಕಡಲಿನಲ್ಲಿ ಕಥೆ ತಿರುಗಾಮುರುಗಾ. ಅಲ್ಲಿ ಯಂತ್ರದಿಂದ ಕೆಸರು ಬಾಚಿ ಚಿಪ್ಪು ತೆಗೆದದ್ದರಿಂದ ಹಕ್ಕಿಗಳಿಗೆ ಊಟವೇ ಇಲ್ಲದಾಯಿತು, ಸಂಖ್ಯೆ ಕುಸಿಯಿತು. 2005ರಿಂದ ಆ ಯಂತ್ರದ ಬಾಚುವಿಕೆ ನಿಂತಿತು. ಕೈಯಲ್ಲಿ ಹೆಕ್ಕುವುದಕ್ಕೆ ಅಡ್ಡಿ ಮಾಡಲಿಲ್ಲ.

ನಮ್ಮ ಅಳಿವೆಯಲ್ಲಿ ಹೆಂಗಸರು ಕೈಯಲ್ಲಿ ಹೆಕ್ಕುತ್ತಾರೆ. ಹಕ್ಕಿಗೂ ಅವರಿಗೂ ಬೇಕಾದ್ದು ಒಂದೇ, ಜೀವಂತ ಕೆಸರು. ಮರಳು ಬಗೆದರೆ, ಅಳಿವೆ ಮುಚ್ಚಿದರೆ, ಕೊಳಚೆ ಬಿಟ್ಟರೆ ಇಬ್ಬರ ಊಟವೂ ಒಟ್ಟಿಗೇ ಹೋಗುತ್ತದೆ.

ಇದು ಅಳಿವಿನಂಚಿನ ಹಕ್ಕಿಯಾ?

ಅಷ್ಟರ ಮಟ್ಟಿಗೆ ಇಲ್ಲ. 2015ರಲ್ಲಿ ಇದನ್ನು ಯಾವ ಜೀವಿಗೆ ಎಷ್ಟು ಅಪಾಯ ಅಂತ ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ "ಅಪಾಯಕ್ಕೆ ಹತ್ತಿರ" ಎಂಬ ಗುಂಪಿಗೆ ಸೇರಿಸಿದರು. ಮುಖ್ಯ ಕಾರಣ ಯುರೋಪಿನಲ್ಲಿ ಸಂಖ್ಯೆ ಇಳಿದದ್ದು. ಇವು ನಿಧಾನಕ್ಕೆ ಬಾಳುವ ಹಕ್ಕಿಗಳು. ಮರಿ ಮಾಡಲು ಶುರು ಮಾಡುವುದೇ ಮೂರು-ನಾಲ್ಕು ವರ್ಷವಾದ ಮೇಲೆ. ಗುರುತಿಗೆಂದು ಕಾಲಿಗೆ ಬಳೆ ತೊಡಿಸಿದ ಕೆಲವು ಹಕ್ಕಿಗಳು 40 ವರ್ಷ ದಾಟಿ ಬದುಕಿವೆ. ಇಂಥ ಜಾತಿಯಲ್ಲಿ ಒಂದು ಬೆಳೆದ ಹಕ್ಕಿ ಸತ್ತರೆ ಆ ಜಾಗ ತುಂಬಲು ತುಂಬಾ ಕಾಲ ಬೇಕು.

ಹೋದ ವರ್ಷ ಕಂಡ ಹಕ್ಕಿಯೇ ಈ ವರ್ಷವೂ ಬಂದಿದೆಯಾ?

ಇರಬಹುದು. ಚಳಿಗಾಲ ಕಳೆದ ಜಾಗಕ್ಕೇ ಮತ್ತೆ ಬರುವ ಅಭ್ಯಾಸ ಇವಕ್ಕಿದೆ. ಆದರೆ ಬಳೆ ಇಲ್ಲದೆ ಖಚಿತವಾಗಿ ಹೇಳಲು ಆಗದು. ಅದಕ್ಕೇ ಕಾಲು ಕಾಣುವ ಫೋಟೊ ತೆಗೆಯಿರಿ ಅನ್ನುವುದು. ಲೋಹದ ಬಳೆ, ಬಣ್ಣದ ಪಟ್ಟಿ ಕಂಡರೆ ಯಾವ ಕಾಲು, ಯಾವ ಬಣ್ಣ, ಮೇಲೆಯೋ ಕೆಳಗೋ, ಅಕ್ಷರ ಏನು ಅಂತ ಬರೆದುಕೊಳ್ಳಿ. ಭಾರತದಲ್ಲಿ ಬಳೆಯ ವಿವರವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬೇಕು.

ಮಳೆಗಾಲದಲ್ಲಿ ಕಂಡೆ. ತಪ್ಪು ಗುರುತಿಸಿದೆನಾ?

ಹಾಗೇನಿಲ್ಲ. ಮರಿ ಮಾಡುವ ವಯಸ್ಸಾಗದ ಎಳೆಯ ಹಕ್ಕಿಗಳು ಬೇಸಿಗೆ, ಮಳೆಗಾಲದಲ್ಲೂ ಇಲ್ಲೇ ಉಳಿದುಬಿಡುವುದುಂಟು. ಇಂಥ ದಾಖಲೆಗೆ ಬೆಲೆ ಜಾಸ್ತಿ. ಫೋಟೊ ಇರಲೇಬೇಕು.

ಎಲ್ಲಿ ದಾಖಲಿಸಲಿ? ವಾಟ್ಸಾಪ್ ಗುಂಪಿಗೆ ಹಾಕಿದರೆ ಸಾಕಲ್ವಾ?

ಸಾಲದು. ವಾಟ್ಸಾಪ್‌ಗೆ ಹಾಕಿದ್ದು ಎರಡು ದಿನದಲ್ಲಿ ಗುಡ್ ಮಾರ್ನಿಂಗ್ ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಎಂಬ ಆ್ಯಪ್‌ನಲ್ಲಿ ಹಾಕಿ. ದುಡ್ಡು ಕೊಡಬೇಕಾಗಿಲ್ಲ, ಮೊಬೈಲ್ ಸಾಕು. ತಾರೀಕು, ಹೊತ್ತು, ಜಾಗ, ಎಷ್ಟು ಹಕ್ಕಿ. ಇದೊಂದನ್ನೇ ಅಲ್ಲ, ಅಲ್ಲಿ ಕಂಡ ಎಲ್ಲ ಹಕ್ಕಿಯನ್ನೂ ಬರೆಯಿರಿ, ಕಾಗೆಯನ್ನೂ ಸೇರಿಸಿ.

ಆಯ್ಸ್ಟರ್‌ಕ್ಯಾಚರ್ ಅಂತ ಹಾಕಿದರೆ ಆ್ಯಪ್ ಅದನ್ನು ಅಪರೂಪ ಅಂತ ತೋರಿಸಿ ವಿವರ ಕೇಳಬಹುದು. ಆಮೇಲೆ ಒಬ್ಬ ಸ್ವಯಂಸೇವಕರು ಪತ್ರ ಬರೆಯಬಹುದು. ನಿಮ್ಮನ್ನು ನಂಬುತ್ತಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಎಲ್ಲರಿಗೂ ಕೇಳುತ್ತಾರೆ. ಕೊಕ್ಕು, ಕಾಲು, ರೆಕ್ಕೆಯ ಪಟ್ಟಿ, ಏನು ಮಾಡುತ್ತಿತ್ತು, ನಾಲ್ಕು ಸಾಲು ಬರೆದು ಫೋಟೊ ಸೇರಿಸಿದರೆ ಮುಗಿಯಿತು.

ನನ್ನ ಹಳೇ ಮೊಬೈಲಿನಲ್ಲಿ ನಾಲ್ಕು ವರ್ಷದ ಹಿಂದಿನ ಫೋಟೊ ಇದೆ.

ಹಾಕಿ, ಇವತ್ತೇ ಹಾಕಿ! ಹಳೇ ತಾರೀಕಿನಲ್ಲೂ ದಾಖಲಿಸಬಹುದು. ಫೋಟೊದ ಮಾಹಿತಿಯಲ್ಲಿ ತೆಗೆದ ದಿನ ಸಿಗುತ್ತದೆ. ಮೊಬೈಲ್ ಮಾರುವ ಮೊದಲು ಒಮ್ಮೆ ನೋಡಿಬಿಡಿ.

ಗಾಯಗೊಂಡ ಹಕ್ಕಿ ಸಿಕ್ಕರೆ?

ಗಾಳದ ದಾರ ಕಾಲಿಗೆ ಸುತ್ತಿಕೊಂಡಿರುವುದೇ ನಾನು ಹೆಚ್ಚಾಗಿ ಕಂಡ ತೊಂದರೆ, ಬೇರೆ ಬೇರೆ ಕಡಲ ಹಕ್ಕಿಗಳಲ್ಲಿ. ಬಟ್ಟೆ ಮುಚ್ಚಿ ಹಿಡಿಯಿರಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಡಿ, ಬಾಯಿಗೆ ನೀರು ಹುಯ್ಯಬೇಡಿ, ಅನ್ನ ಮೀನು ತುರುಕಬೇಡಿ. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ. ಮನೆಯಲ್ಲಿ ಸಾಕಲು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಇಡೀ ಚಳಿಗಾಲ ಹೋದೆ, ಒಂದೂ ಕಾಣಲಿಲ್ಲ. ಅದನ್ನೂ ಬರೆಯಬೇಕಾ?

ಬರೆಯಲೇಬೇಕು. ನೀವು ಹೋದಿರಿ, ನೋಡಿದಿರಿ, ಅಲ್ಲಿ ಇರಲಿಲ್ಲ. ಅದೂ ಒಂದು ದಾಖಲೆ. ಅಳಿವೆಗೆ ಯಾರೂ ಹೋಗದೆ ಪಟ್ಟಿ ಖಾಲಿ ಇರುವುದಕ್ಕೂ, ಹತ್ತು ಸಲ ಹೋಗಿ ಹುಡುಕಿದರೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸ ಇದೆ. ಜನವರಿಯಲ್ಲಿ ಏಷ್ಯಾದ ನೀರಹಕ್ಕಿ ಗಣತಿ ನಡೆಯುತ್ತದೆ, ಫೆಬ್ರವರಿಯಲ್ಲಿ ಮನೆಯಂಗಳದ ಹಕ್ಕಿ ಎಣಿಕೆ. ಆ ದಿನಗಳಲ್ಲಿ ನಿಮ್ಮ ಅಳಿವೆಯ ಒಂದು ಪಟ್ಟಿ ಇರಲಿ. ಗೊರವ, ಬೆಳ್ಳಕ್ಕಿ, ಗಲ್, ಟರ್ನ್, ಕಾಗೆ, ಹದ್ದು, ಎಲ್ಲ ಎಣಿಸಿ ಹಾಕಿ. ಮುಂದಿನ ಅಕ್ಟೋಬರ್‌ಗೆ ಭರತದ ಪಟ್ಟಿ ನೋಡಿಕೊಂಡು ಮತ್ತೆ ಅದೇ ಜಾಗಕ್ಕೆ ಹೋಗಿ. ಬೆಳಚು ತೆಗೆಯುವ ಅಕ್ಕಂದಿರನ್ನು ಮೊದಲು ಮಾತಾಡಿಸಿ.